ಚಿತ್ರದುರ್ಗಕ್ಕೆ ಟೂರಿಸ್ಟ್ ಪಾಸ್ ಇಲ್ಲ, 25 ರೂಪಾಯಿ ಟಿಕೆಟ್ ಇದೆ: ಅದನ್ನು ಪೂರ್ತಿ ಬಳಸುವುದು ಹೇಗೆ?

ಪ್ಯಾರಿಸ್‌ನಲ್ಲಿ ಮ್ಯೂಸಿಯಂ ಪಾಸ್ ಅಂತ ಸಿಗುತ್ತದೆ. 2 ದಿನದ್ದು, 4 ದಿನದ್ದು, 6 ದಿನದ್ದು. ರೋಮ್‌ನಲ್ಲಿ 48 ಗಂಟೆಯದ್ದು, 72 ಗಂಟೆಯದ್ದು. ಒಂದು ಸಲ ದುಡ್ಡು ಕಟ್ಟಿದರೆ ಆಯಿತು, ಕಾರ್ಡ್ ತೋರಿಸಿ ಪ್ಯಾರಿಸ್‌ನಲ್ಲಿ ಹತ್ತಾರು ಮ್ಯೂಸಿಯಂಗಳಿಗೆ, ರೋಮ್‌ನಲ್ಲಿ ಮೊದಲ ಒಂದೆರಡು ಜಾಗಕ್ಕೆ ಒಳಗೆ ನುಗ್ಗಬಹುದು. ಮಕ್ಕಳು ಹೊರದೇಶದಲ್ಲಿರುವ ನಮ್ಮ ಕಡೆಯ ಎಷ್ಟೋ ಅಪ್ಪ ಅಮ್ಮಂದಿರು ಇವನ್ನೆಲ್ಲ ಬಳಸಿ ಬಂದಿದ್ದಾರೆ. ಅವರೇ ರಜೆಗೆ ಬಂದ ಮೊಮ್ಮಕ್ಕಳನ್ನು ಕರೆದುಕೊಂಡು ದುರ್ಗ ತೋರಿಸಲು ಹೊರಟಾಗ ಕೇಳುತ್ತಾರೆ: ಇಲ್ಲೂ ಅಂಥದ್ದೊಂದು ಪಾಸ್ ಇದೆಯಾ?

ಇಲ್ಲ. ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಊರೊಳಗಿನ ಮ್ಯೂಸಿಯಂ ರಾಜ್ಯ ಸರ್ಕಾರದ್ದು. ಪಕ್ಕದ ಜೋಗಿಮಟ್ಟಿ ವನ್ಯಧಾಮ ಅರಣ್ಯ ಇಲಾಖೆಯದ್ದು. ಬಸ್ಸು ಸಾರಿಗೆ ನಿಗಮದ್ದು. ಇವರೆಲ್ಲ ಸೇರಿ ಒಂದೇ ಕಾರ್ಡ್ ಮಾಡಿದ್ದರೆ ಚೆನ್ನಾಗಿತ್ತು, ಮಾಡಿಲ್ಲ. ಆದರೆ ದುರ್ಗಕ್ಕೆ ಬರುವವರಿಗೆ ಪಾಸ್ ಇಲ್ಲ ಅನ್ನುವುದು ದೊಡ್ಡ ಕೊರತೆ ಅಂತ ನನಗೆ ಅನ್ನಿಸುವುದಿಲ್ಲ. ಕೋಟೆಯ ಟಿಕೆಟ್ಟೇ ಒಂದು ಪಾಸ್. ಆ ಒಂದು ಟಿಕೆಟ್‌ನಲ್ಲಿ ಏಳು ಸುತ್ತಿನ ಕೋಟೆ, ಹತ್ತಾರು ದೇವಸ್ಥಾನ, ಹೊಂಡಗಳು, ಬತೇರಿಗಳು (ಕಾವಲಿನ ಬುರುಜುಗಳು), ಓಬವ್ವನ ಕಿಂಡಿ ಎಲ್ಲವೂ ಬಂತು. ಹೊತ್ತು ಮುಳುಗುವ ತನಕ ಯಾರೂ ಎಬ್ಬಿಸುವುದಿಲ್ಲ.

ತೊಂದರೆ ಇರುವುದು ನಾವು ಅದನ್ನು ಬಳಸುವ ರೀತಿಯಲ್ಲಿ. ಹನ್ನೊಂದು ಗಂಟೆಗೆ ಬರುವುದು, ಬಿಸಿಲಲ್ಲಿ ಏದುಸಿರು ಬಿಡುತ್ತ ಓಬವ್ವನ ಕಿಂಡಿ ತನಕ ಹೋಗುವುದು, ನಾಲ್ಕು ಸೆಲ್ಫಿ ತೆಗೆದುಕೊಂಡು ಊಟದ ಹೊತ್ತಿಗೆ ಇಳಿದುಬಿಡುವುದು. ಕೋಟೆಯ ಕಾಲುಭಾಗವೂ ನೋಡಿರುವುದಿಲ್ಲ. ಹಾಗಾಗದಂತೆ ದಿನವನ್ನು ಹೇಗೆ ಜೋಡಿಸಿಕೊಳ್ಳಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಟಿಕೆಟ್ ಲೆಕ್ಕ

ಭಾರತೀಯರಿಗೆ ಟಿಕೆಟ್ 25 ರೂಪಾಯಿ. ನಗದು ಕೊಡದೆ ಆನ್‌ಲೈನ್‌ನಲ್ಲಿ ಕಟ್ಟಿದರೆ 20. ವಿದೇಶಿಯರಿಗೆ 300, ಆನ್‌ಲೈನ್‌ನಲ್ಲಿ 250. ನೇಪಾಳ, ಶ್ರೀಲಂಕಾದಂಥ ಸಾರ್ಕ್ ದೇಶಗಳವರಿಗೆ ನಮ್ಮದೇ ದರ. 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ. ಹದಿನಾಲ್ಕು ವರ್ಷದ ಹುಡುಗ ಅಪ್ಪನಿಗಿಂತ ಎತ್ತರ ಬೆಳೆದಿದ್ದರೆ ಮಾತ್ರ ಅವನ ಶಾಲೆಯ ಗುರುತಿನ ಚೀಟಿಯೋ ಆಧಾರೋ ಜೊತೆಗಿರಲಿ. ಗೇಟಿನಲ್ಲಿ ಸುಮ್ನೆ ವಾದ ಯಾಕೆ? ದರ ಆಗಾಗ ಬದಲಾಗಬಹುದು, ಗೇಟಿನ ಬೋರ್ಡಿನಲ್ಲಿ ಇರುವುದೇ ಕೊನೆಯ ಮಾತು.

ಅಂದರೆ ಗಂಡ, ಹೆಂಡತಿ, ಎರಡು ಚಿಕ್ಕ ಮಕ್ಕಳು ಬಂದರೆ ಇಡೀ ಕೋಟೆಗೆ 50 ರೂಪಾಯಿ. ಫೋನಿನಲ್ಲಿ ಕಟ್ಟಿದರೆ 40. ಇದಕ್ಕಿಂತ ಅಗ್ಗದ ಪಾಸ್ ಯಾವ ದೇಶದಲ್ಲಿ ಸಿಗುತ್ತದೆ ಹೇಳಿ.

ಫೋನಿನಲ್ಲಿ ತೆಗೆದುಕೊಳ್ಳುವುದು ಸುಲಭ. ಪುರಾತತ್ವ ಇಲಾಖೆಯ ಆನ್‌ಲೈನ್ ಟಿಕೆಟ್ ಪುಟದಲ್ಲಿ ಊರು ಮತ್ತು ಸ್ಮಾರಕ ಆರಿಸಿ, ಹೋಗುವ ದಿನಾಂಕ, ಹೆಸರು, ಗುರುತಿನ ಚೀಟಿಯ ವಿವರ ತುಂಬಿ, ಯುಪಿಐನಲ್ಲೋ ಕಾರ್ಡಿನಲ್ಲೋ ದುಡ್ಡು ಕಟ್ಟಬೇಕು. ಬರುವ ಕ್ಯೂಆರ್ ಕೋಡನ್ನು ಗೇಟಿನಲ್ಲಿ ತೋರಿಸಿದರೆ ಆಯಿತು. ಅದೆಲ್ಲ ಬೇಡ ಅನ್ನುವವರು ಕೌಂಟರ್ ಹತ್ತಿರ ಹಾಕಿರುವ ಕ್ಯೂಆರ್ ಕೋಡನ್ನು ಅಲ್ಲೇ ಸ್ಕ್ಯಾನ್ ಮಾಡಬಹುದು. ಮನೆಯಲ್ಲೇ ಟಿಕೆಟ್ ತೆಗೆದವರು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗೇಟಿನಲ್ಲಿ ನಾಲ್ಕು ಶಾಲೆಯ ಬಸ್ಸು ಬಂದು ನಿಂತ ದಿನ ನೆಟ್‌ವರ್ಕ್ ತೆವಳುತ್ತದೆ.

ಟಿಕೆಟ್ ಆ ದಿನಕ್ಕೆ ಮಾತ್ರ. ಹೊರಗೆ ಹೋಗಿ ಊಟ ಮಾಡಿ ಬಂದು ಮತ್ತೆ ಅದೇ ಟಿಕೆಟ್‌ನಲ್ಲಿ ಹತ್ತೋಣ ಅಂತ ಲೆಕ್ಕ ಹಾಕಬೇಡಿ. ಒಂದು ಸಲ ಒಳಗೆ ಹೋದ ಮೇಲೆ ಎಲ್ಲ ಮುಗಿಸಿಯೇ ಹೊರಗೆ ಬರುವ ಹಾಗೆ ಹೊರಡಿ. ವಿಡಿಯೊ ಕ್ಯಾಮೆರಾ ತಂದರೆ ಅದಕ್ಕೆ ಬೇರೆ 25 ರೂಪಾಯಿ. ಮೊಬೈಲಿಗೆ ಏನೂ ಇಲ್ಲ. ಟ್ರೈಪಾಡ್‌ಗೆ ಮುಂಚೆಯೇ ಅನುಮತಿ ಬೇಕು. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ.

ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು ಪುರಾತತ್ವ ಇಲಾಖೆ ಸಾಮಾನ್ಯವಾಗಿ ತನ್ನ ಸ್ಮಾರಕಗಳಿಗೆ ಉಚಿತ ಪ್ರವೇಶ ಕೊಡುತ್ತದೆ. ಆದರೆ ಏಪ್ರಿಲ್ ಮಧ್ಯದಲ್ಲಿ ದುರ್ಗದ ಬಂಡೆ ಹತ್ತುವುದು ಅಂದರೆ, 20 ರೂಪಾಯಿ ಉಳಿಸಲು ತಲೆ ಸುಟ್ಟುಕೊಂಡ ಹಾಗೆ. ನಾನಂತೂ ಶಿಫಾರಸು ಮಾಡುವುದಿಲ್ಲ.

ಬಸ್ಸಿನ ವಿಷಯ: ಹೆಂಗಸರ ಕೈಯಲ್ಲಿ ಪಾಸ್ ಆಗಲೇ ಇದೆ

ಹೊರದೇಶದ ಸಿಟಿ ಪಾಸ್‌ಗಳಲ್ಲಿ ಕೆಲವಕ್ಕೆ ಬಸ್ಸು, ಮೆಟ್ರೋ ಕೂಡ ಸೇರಿರುತ್ತದೆ. ನಮ್ಮಲ್ಲಿ ಆ ಭಾಗವನ್ನು 2023ರ ಜೂನ್ 11ರಿಂದ ಶಕ್ತಿ ಯೋಜನೆ ನೋಡಿಕೊಳ್ಳುತ್ತಿದೆ. ಕರ್ನಾಟಕದ ಹೆಣ್ಣುಮಕ್ಕಳು ಯಾರೇ ಆಗಲಿ, ಸಾರಿಗೆ ನಿಗಮದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ರಾಜ್ಯದೊಳಗೆ ಉಚಿತವಾಗಿ ಓಡಾಡಬಹುದು. ಫೋಟೊ ಮತ್ತು ಕರ್ನಾಟಕದ ವಿಳಾಸ ಇರುವ ಸರ್ಕಾರಿ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಟಿಕೆಟ್ ಉಚಿತ ತಾನೇ ಅಂತ ತೆಗೆದುಕೊಳ್ಳದೆ ಕೂರಬೇಡಿ. ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಇದು ನಡೆಯುವುದಿಲ್ಲ.

ಇಲ್ಲಿ ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಕಿವಿಮಾತು. ನಮ್ಮ ಎರಡೂ ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳು ಬಹಳ. ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ಮೊದಲು ಬಂದ ಬಸ್ಸು ಹತ್ತುವ ಆತುರದಲ್ಲಿ ಹತ್ತಿ, ಆಮೇಲೆ ಕಂಡಕ್ಟರ್ ಜೊತೆ ಜಗಳ ಆಡುವುದು ಬೇಡ. 60 ದಾಟಿದ ಗಂಡಸರಿಗೆ ಸಾರಿಗೆ ನಿಗಮದ ಬಸ್ಸಿನಲ್ಲಿ ಶೇ 25 ರಿಯಾಯಿತಿ ಇದೆ. ವಯಸ್ಸಿನ ದಾಖಲೆ ತೋರಿಸಿ ಕೇಳಿ ಪಡೆಯಿರಿ.

ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಬೆಂಗಳೂರಿನಿಂದ ಸುಮಾರು 200. ಎರಡೂ ಕಡೆಯಿಂದ 48ನೇ ರಾಷ್ಟ್ರೀಯ ಹೆದ್ದಾರಿಯೇ. ರೈಲನ್ನು ನೆಚ್ಚಿಕೊಳ್ಳಬೇಡಿ. ದಾವಣಗೆರೆ ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿದೆ, ಚಿತ್ರದುರ್ಗ ಇರುವುದು ಚಿಕ್ಕಜಾಜೂರಿನಿಂದ ರಾಯದುರ್ಗಕ್ಕೆ ಹೋಗುವ ಕವಲಿನಲ್ಲಿ. ಒಂದು ದಿನದ ಪ್ರವಾಸಕ್ಕೆ ಬಸ್ಸೇ ವಾಸಿ. ದುರ್ಗದ ಬಸ್ ನಿಲ್ದಾಣದಿಂದ ಕೋಟೆಗೆ ಆಟೊ ಸಿಗುತ್ತದೆ. ಹತ್ತುವ ಮುಂಚೆಯೇ ದರ ಮಾತಾಡಿಕೊಳ್ಳಿ.

ಯಾವ ತಿಂಗಳು, ಎಷ್ಟು ಗಂಟೆಗೆ

ಮಳೆ ನಿಂತ ಮೇಲಿನ ತಿಂಗಳುಗಳು ಒಳ್ಳೆಯವು. ಹೊಂಡಗಳಲ್ಲಿ ನೀರಿರುತ್ತದೆ, ಗುಡ್ಡ ಹಸಿರಾಗಿರುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಧೈರ್ಯವಾಗಿ ಬನ್ನಿ. ಮಾರ್ಚ್‌ನಿಂದ ಮೇ ತನಕ ಬಂಡೆ ಕಾದಿರುತ್ತದೆ, ಬಂದರೆ ಒಂಬತ್ತೂವರೆ ಹತ್ತರೊಳಗೆ ಮೇಲಿನ ಭಾಗ ಮುಗಿಸಬೇಕು. ಜೋರು ಮಳೆಯ ದಿನ ಬೇಡವೇ ಬೇಡ, ಬಂಡೆ ಜಾರುತ್ತದೆ. ನವೆಂಬರ್ 11 ಓಬವ್ವ ಜಯಂತಿ. 2021ರಿಂದ ಸರ್ಕಾರವೇ ಆಚರಿಸುತ್ತಿದೆ. ಜನ, ಸಡಗರ ಇಷ್ಟವಿದ್ದವರು ಆ ದಿನ ಬರಬಹುದು. ಕೋಟೆಯನ್ನು ನಿಧಾನವಾಗಿ ನೋಡಬೇಕು ಅನ್ನುವವರು ವಾರದ ನಡುವಿನ ದಿನ ಆರಿಸಿಕೊಳ್ಳಿ.

ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ದಾವಣಗೆರೆಯಿಂದ ಬೆಳಗಿನ ಮೊದಲ ಬಸ್ಸುಗಳಲ್ಲಿ ಒಂದನ್ನು ಹಿಡಿದರೆ ಇದು ಕಷ್ಟವಲ್ಲ. ಬೆಣ್ಣೆ ದೋಸೆ ತಿಂದೇ ಹೊರಡುತ್ತೇವೆ ಅಂತ ಕೂತರೆ ಎರಡು ಗಂಟೆ ಹೋಯಿತು. ದೋಸೆ ಎಲ್ಲಿಗೂ ಓಡಿಹೋಗುವುದಿಲ್ಲ, ಸಂಜೆ ವಾಪಸ್ ಬಂದು ತಿನ್ನಿ.

ಬ್ಯಾಗಿನಲ್ಲಿ ಏನಿರಬೇಕು

ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು. ಕೋಟೆಯ ಮೇಲೆ ಅಂಗಡಿ ನಂಬಿಕೊಂಡು ಹೋಗಬೇಡಿ. ಹಿಡಿತ ಇರುವ ಶೂ, ಟೋಪಿ, ಒಂದು ಟಾರ್ಚ್. ಟಾರ್ಚ್ ಕೋಟೆಗಲ್ಲ, ಆಮೇಲೆ ಹೋಗುವ ಚಂದ್ರವಳ್ಳಿಯ ಗುಹೆಗೆ. ತಿಂಡಿಯನ್ನು ಬ್ಯಾಗಿನ ಒಳಗೆ ಇಡಿ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ನಡೆಯಬೇಡಿ. ಇಲ್ಲಿನ ಕೋತಿಗಳಿಗೆ ಕವರ್ ಸದ್ದು ಕೇಳಿದರೆ ಸಾಕು. ಕನ್ನಡಕ, ಮೊಬೈಲ್ ಕೂಡ ಜೋಪಾನ.

ಗೈಡ್ ಬೇಕಾ, ಬೇಡವಾ

ಮೊದಲ ಸಲ ಬರುವವರು ತೆಗೆದುಕೊಳ್ಳಿ. ದುರ್ಗದ ಕೋಟೆಯಲ್ಲಿ ಕಣ್ಣಿಗೆ ಬೀಳದ ವಿಷಯಗಳೇ ಜಾಸ್ತಿ. ಗೋಡೆಯಲ್ಲಿ ಸೈನಿಕರು ಹತ್ತಲು ಕೊರೆದ ಕುಳಿಗಳು, ಬಂಡೆ ಒಡೆಯಲು ಬೆಣೆ ಇಟ್ಟ ಗುರುತುಗಳು, ಗೋಡೆಯ ಮೇಲಿನ ಸಣ್ಣ ಕೆತ್ತನೆಗಳು, ಇವೆಲ್ಲ ಯಾರಾದರೂ ಬೆರಳು ಮಾಡಿ ತೋರಿಸದಿದ್ದರೆ ಕಾಣುವುದಿಲ್ಲ. ಗುರುತಿನ ಚೀಟಿ ಇರುವ ಗೈಡನ್ನೇ ಕೇಳಿ. ಎಷ್ಟು ಹಣ, ಎಷ್ಟು ಗಂಟೆ, ಎಲ್ಲಿಯವರೆಗೆ ಅಂತ ಮೂರನ್ನೂ ಮೊದಲೇ ಮಾತಾಡಿ. "ಪೂರ್ತಿ ಕೋಟೆ" ಅಂದರೆ ಕೆಲವರ ಲೆಕ್ಕದಲ್ಲಿ ಓಬವ್ವನ ಕಿಂಡಿ ತನಕ ಮಾತ್ರ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಕೂಡ ಸೇರಿದೆಯಾ ಅಂತ ಹೆಸರು ಹಿಡಿದೇ ಕೇಳಿ.

ಗೈಡ್ ಹೇಳುವುದರಲ್ಲಿ ಇತಿಹಾಸವೂ ಇರುತ್ತದೆ, ಕಥೆಯೂ ಇರುತ್ತದೆ. ಎರಡನ್ನೂ ಕೇಳಿ ಖುಷಿಪಡಿ. ಇತಿಹಾಸದ ಎಲುಬು ಮಾತ್ರ ತಲೆಯಲ್ಲಿರಲಿ. ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಊರು ಬೆಮ್ಮತ್ತನಕಲ್ಲು. ವಿಜಯನಗರದ ಕೆಳಗೆ 1568ರಲ್ಲಿ ತಿಮ್ಮಣ್ಣ ನಾಯಕ ಇಲ್ಲಿ ನೆಲೆ ನಿಂತ. ವಿಜಯನಗರ ಕುಸಿದ ಮೇಲೆ ನಾಯಕರು ತಮ್ಮ ಕಾಲ ಮೇಲೆ ನಿಂತರು. ಮುಂದೆ ಇನ್ನೂರು ವರ್ಷದ ಆಳ್ವಿಕೆಯಲ್ಲಿ ಒಬ್ಬೊಬ್ಬರೂ ಒಂದೊಂದು ಸುತ್ತು, ಒಂದೊಂದು ಬಾಗಿಲು ಸೇರಿಸುತ್ತ ಹೋದರು. ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿ, ಕೊನೆಗೆ 1779ರಲ್ಲಿ ಕೊನೆಯ ಮದಕರಿ ನಾಯಕನಿಂದ ಕೋಟೆ ಕಿತ್ತುಕೊಂಡ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆಲವು ವರ್ಷ ಬ್ರಿಟಿಷರ ಸೈನ್ಯವೂ ಇಲ್ಲಿ ಬೀಡುಬಿಟ್ಟಿತ್ತು. ಇಷ್ಟು ಗೊತ್ತಿದ್ದರೆ ಯಾವ ಗೋಡೆ ಮುಂದೆ ನಿಂತರೂ ದಾರಿ ತಪ್ಪುವುದಿಲ್ಲ.

ಕೋಟೆಯ ಒಳಗೆ

ಏಳು ಸುತ್ತು ಅನ್ನುತ್ತೇವೆ. ಅದರಲ್ಲಿ ಮೂರು ಕೆಳಗಿನ ನೆಲದಲ್ಲಿ, ನಾಲ್ಕು ಬೆಟ್ಟದ ಮೇಲೆ. ಕೆಳಗಿನ ಸುತ್ತುಗಳು ಊರೊಳಗೆ ಕರಗಿಹೋಗಿವೆ, ಮನೆಗಳ ನಡುವೆ ಅಲ್ಲಲ್ಲಿ ಗೋಡೆ, ಅಗಸೆ ಬಾಗಿಲು ಕಾಣುತ್ತದೆ. ಆಟೊದಲ್ಲಿ ಬರುವಾಗಲೇ ನೀವು ಕೋಟೆಯ ಒಳಗೆ ಬಂದಾಗಿರುತ್ತದೆ. ಟಿಕೆಟ್ ಕೇಳುವುದು ಮೇಲಿನದಕ್ಕೆ.

ಒಳಗೆ ಹೋದ ತಕ್ಷಣ ಓಡಬೇಡಿ. ಮೊದಲ ಬಾಗಿಲುಗಳ ನಡುವಿನ ಆ ಓರೆಕೋರೆ ದಾರಿಯೇ ಇಡೀ ಕೋಟೆಯ ಬುದ್ಧಿ. ಒಂದು ಬಾಗಿಲಿನಿಂದ ಮುಂದಿನದು ನೇರವಾಗಿ ಕಾಣುವುದೇ ಇಲ್ಲ. ದಾರಿ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಆನೆಯನ್ನು ಓಡಿಸಿಕೊಂಡು ಬಂದು ಬಾಗಿಲಿಗೆ ಗುದ್ದಿಸಲು ನೇರ ಜಾಗ ಬೇಕಲ್ವಾ? ಆ ಜಾಗವನ್ನೇ ಕೊಟ್ಟಿಲ್ಲ. ತಿರುವಿನಲ್ಲಿ ನಿಂತ ಶತ್ರುವಿನ ಮೇಲೆ ಮೂರು ಕಡೆಯ ಗೋಡೆಯಿಂದ ಹೊಡೆಯಬಹುದು. ಗೋಡೆಯ ಕಲ್ಲುಗಳನ್ನು ನೋಡಿ. ಗಾರೆ ಇಲ್ಲದೆ, ಒಂದರ ಅಂಚಿಗೆ ಇನ್ನೊಂದನ್ನು ಕಡಿದು ಕೂರಿಸಿದ್ದಾರೆ. ಬಾಗಿಲ ಹತ್ತಿರದ ಗೋಡೆಯಲ್ಲಿ ಹೆಡೆ ಬಿಚ್ಚಿದ ಹಾವಿನ ಕೆತ್ತನೆ ಇದೆ, ಮಕ್ಕಳಿಗೆ ಹುಡುಕಲು ಬಿಡಿ. ಈ ಭಾಗಕ್ಕೆ ಅರ್ಧ ಗಂಟೆ ಕೊಡಿ. ಜಾಸ್ತಿ ಜನ ಇದನ್ನು ಬರೀ ದಾರಿ ಅಂದುಕೊಂಡು ದಾಟಿಬಿಡುತ್ತಾರೆ.

ಬನಶಂಕರಿ ಗುಡಿ, ಆಮೇಲೆ ಮದ್ದು ಬೀಸುವ ಕಲ್ಲುಗಳು. ಕಲ್ಲು ಕಟ್ಟಿದ ಗುಂಡಿಯೊಳಗೆ ನಾಲ್ಕು ಭಾರೀ ಬೀಸುಕಲ್ಲು. ಆನೆಯನ್ನೋ ಕೋಣವನ್ನೋ ಕಟ್ಟಿ ತಿರುಗಿಸುತ್ತಿದ್ದರು ಎನ್ನುತ್ತಾರೆ. ಫಿರಂಗಿ ಮದ್ದು ಇಲ್ಲೇ ತಯಾರಾಗುತ್ತಿತ್ತು.

ಇಲ್ಲಿಂದ ಮೇಲೆ ನಿಮ್ಮ ಕಾಲಿನ ಶಕ್ತಿ ನೋಡಿ ತೀರ್ಮಾನ ಮಾಡಿ. ಗಟ್ಟಿಮುಟ್ಟಾಗಿರುವವರಿಗೆ ನನ್ನ ಸಲಹೆ: ಬಿಸಿಲೇರುವ ಮುಂಚೆ ಎತ್ತರದ ಜಾಗ ಮುಗಿಸಿ. ಅಂದರೆ ತುಪ್ಪದ ಕೊಳದ ಬತೇರಿ. ಬಂಡೆಯಲ್ಲಿ ಕಡಿದ ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಜಾಸ್ತಿ ಏನೂ ಇಲ್ಲ. ಮೇಲೆ ಹೋದರೆ ಇಡೀ ದುರ್ಗ, ಸುತ್ತಲ ಗುಡ್ಡಸಾಲು, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು ಒಂದೇ ನೋಟಕ್ಕೆ. ಚಿಕ್ಕ ಮಕ್ಕಳನ್ನು, ಮೊಣಕಾಲು ನೋವಿರುವವರನ್ನು ಇಲ್ಲಿಗೆ ಎಳೆದುಕೊಂಡು ಹೋಗಬೇಡಿ. ಬರಿಗೈಯಲ್ಲಿ ಇಲ್ಲಿನ ಗೋಡೆ ಹತ್ತುವ ಕೋತಿರಾಜನ ವಿಡಿಯೊ ನೋಡಿ ಹುರುಪಾದ ಹುಡುಗರಿಗೂ ಒಂದು ಮಾತು: ಅದು ಅವರ ವರ್ಷಗಳ ಅಭ್ಯಾಸ. ನೀವು ಮೆಟ್ಟಿಲಲ್ಲೇ ಬನ್ನಿ.

ಆಮೇಲೆ ದೇವಸ್ಥಾನಗಳು. ಬೆಟ್ಟದ ಮೇಲೆ 18 ಗುಡಿಗಳಿವೆ ಅನ್ನುವುದು ರೂಢಿಯ ಲೆಕ್ಕ. ಎಲ್ಲಕ್ಕೂ ಹೋಗುವ ಹಟ ಬೇಡ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಈ ಮೂರನ್ನು ಬಿಡಬೇಡಿ. ಹಿಡಿಂಬೇಶ್ವರದ್ದು ಮಹಾಭಾರತದ ಜೊತೆ ಹೊಸೆದ ಕಥೆ. ಭೀಮ ಹಿಡಿಂಬನನ್ನು ಕೊಂದದ್ದು ಇಲ್ಲೇ ಅಂತ ಜನ ನಂಬುತ್ತಾರೆ, ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ಒಂದನ್ನು ಇಟ್ಟಿದ್ದಾರೆ. ಇಲ್ಲಿನ ಅಂಗಳದಲ್ಲಿ ನಿಂತ ದೀಪದ ಕಂಬ, ಕಲ್ಲಿನ ಉಯ್ಯಾಲೆ ಕಂಬಗಳೇ ಎಲ್ಲರ ಫೋಟೊದಲ್ಲಿ ಬರುವಂಥವು. ಹತ್ತಿರದಲ್ಲೇ ಕೋಟೆಯೊಳಗಿನ ಹಳೆಯ ಮುರುಘಾ ಮಠ. ಟಂಕಸಾಲೆ (ನಾಣ್ಯ ಅಚ್ಚು ಹಾಕುತ್ತಿದ್ದ ಜಾಗ), ಗರಡಿ ಮನೆ, ಅರಮನೆಯ ಜಾಗಗಳಲ್ಲಿ ಕಲ್ಲಿಗಿಂತ ಮಣ್ಣಿನ ಗೋಡೆ ನೋಡಿ. ಬರೀ ಮಣ್ಣು, ಇಷ್ಟು ವರ್ಷ ಮಳೆ ಗಾಳಿ ತಿಂದೂ ನಿಂತಿದೆ.

ಈ ಕೋಟೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ನೀರು. ಮಳೆ ಕಡಿಮೆ ಬೀಳುವ ಸೀಮೆ ಇದು. ವರ್ಷಗಟ್ಟಲೆ ಮುತ್ತಿಗೆ ತಡೆಯಬೇಕಾದರೆ ಗೋಡೆಗಿಂತ ಮೊದಲು ನೀರು ಬೇಕು. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ. ಒಂದು ಹನಿಯೂ ಸುಮ್ನೆ ಹರಿದು ಹೋಗದ ಹಾಗೆ ಮೇಲಿನಿಂದ ಕೆಳಗೆ ಜೋಡಿಸಿದ್ದಾರೆ. ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಕೂತು ತಂದ ಬುತ್ತಿ ಬಿಚ್ಚುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಕೋತಿಗಳ ಮೇಲೆ ಕಣ್ಣಿರಲಿ, ಎಲೆ ಕಾಗದ ಎಲ್ಲ ವಾಪಸ್ ಬ್ಯಾಗಿಗೆ ಹಾಕಿ. ಅಕ್ಕ ತಂಗಿ ಹೊಂಡಕ್ಕೆ ನಾಯಕನ ಇಬ್ಬರು ರಾಣಿಯರು ಹಾರಿಕೊಂಡರು ಅನ್ನುವ ಕಥೆ ಇದೆ. ಹೊಂಡಗಳು ಆಳವಾಗಿವೆ, ಈಜಲು ಇಳಿಯುವುದು ಅಪಾಯ.

ಓಬವ್ವನ ಕಿಂಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ಹತ್ತೂವರೆ ಹನ್ನೊಂದಕ್ಕೆ ಎಲ್ಲರೂ ನೇರ ಅಲ್ಲಿಗೇ ಬರುತ್ತಾರೆ, ಕಿಂಡಿಯಲ್ಲಿ ನುಸುಳಲು ಸಾಲು ನಿಂತಿರುತ್ತದೆ. ಆ ಗದ್ದಲ ಕರಗಿದ ಮೇಲೆ ಹೋದರೆ ಜಾಗ ಏನು ಅಂತ ಅರ್ಥವಾಗುತ್ತದೆ. ಮೊದಲು ತಣ್ಣೀರು ದೋಣಿ ಅನ್ನುವ ನೀರಿನ ತಾಣ ನೋಡಿ, ಆಮೇಲೆ ಕಿಂಡಿ. ಕಥೆಯ ಕ್ರಮವೂ ಅದೇ ತಾನೇ? ಓಬವ್ವನ ಗಂಡ, ಕಹಳೆ ಊದುವ ಕಾವಲುಗಾರ ಮುದ್ದ ಹನುಮ, ಊಟಕ್ಕೆ ಮನೆಗೆ ಬಂದಿದ್ದ. ನೀರು ತರಲು ಹೋದ ಓಬವ್ವನಿಗೆ ಕಿಂಡಿಯಲ್ಲಿ ಹೈದರನ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದು ಕಂಡಿತು. ಗಂಡನನ್ನು ಊಟದಿಂದ ಎಬ್ಬಿಸದೆ ಒನಕೆ ಹಿಡಿದು ನಿಂತಳು. ಕಿಂಡಿಯ ಮುಂದೆ ನಿಂತು ನೋಡಿದರೆ ಅವಳಿಗೆ ಸಿಕ್ಕ ಅನುಕೂಲ ಗೊತ್ತಾಗುತ್ತದೆ. ಒಳಗೆ ಬರುವವನು ತಲೆ ಬಗ್ಗಿಸಿಯೇ ಬರಬೇಕು, ಒಂದು ಸಲಕ್ಕೆ ಒಬ್ಬನೇ ಬರಬೇಕು, ಮುಂದಿನವನಿಗೆ ಏನಾಯಿತು ಅಂತ ಹಿಂದಿನವನಿಗೆ ಕಾಣುವುದಿಲ್ಲ. ದಪ್ಪ ಇರುವವರು, ಉಸಿರುಗಟ್ಟುವ ಭಯ ಇರುವವರು ನುಸುಳುವ ಸಾಹಸ ಬಿಡಿ.

ಗೋಡೆಗಳ ಮೇಲೆ ಹೆಸರು ಕೆತ್ತುವವರಿಗೆ ಒಂದು ಸುದ್ದಿ: ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ 2 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಪ್ರೀತಿ ತೋರಿಸಲು ಬೇರೆ ದಾರಿಗಳಿವೆ.

ಒಟ್ಟು ಐದು ಗಂಟೆ ಇಟ್ಟುಕೊಳ್ಳಿ. ಹಿರಿಯರು ಜೊತೆಗಿದ್ದರೆ ಬಾಗಿಲುಗಳು, ಬನಶಂಕರಿ, ಮದ್ದಿನ ಕಲ್ಲು, ಏಕನಾಥೇಶ್ವರಿ ತನಕ ನಿಧಾನಕ್ಕೆ ಹೋಗಿ ನೆರಳಲ್ಲಿ ಕೂರಿಸಿ, ಉಳಿದವರು ಮುಂದೆ ಹೋಗಿ ಬರಬಹುದು. ಇಡೀ ಗುಂಪು ಒಟ್ಟಿಗೇ ಎಲ್ಲವನ್ನೂ ನೋಡಬೇಕು ಅನ್ನುವ ಹಟದಲ್ಲೇ ಅರ್ಧ ಪ್ರವಾಸಗಳು ಕೆಡುವುದು.

ಇಳಿದ ಮೇಲೆ

ಊಟ ಮಾಡಿ. ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ಹೇಳಿ ಮಾಡಿಸಿದ ಜಾಗ ರಂಗಯ್ಯನ ಬಾಗಿಲಿನ ಹತ್ತಿರದ ಸರ್ಕಾರಿ ಮ್ಯೂಸಿಯಂ. ಕೋಟೆ ನೋಡಿದ ಮೇಲೆ ಹೋಗಬೇಕು, ಮುಂಚೆ ಅಲ್ಲ. ಬೆಟ್ಟದ ಮೇಲೆ ಖಾಲಿ ಬತೇರಿ ನೋಡಿ ಬಂದವರಿಗೆ ಇಲ್ಲಿನ ಆಯುಧ, ಶಿಲ್ಪಗಳು ಬೇರೆ ಥರ ಕಾಣುತ್ತವೆ. ಕೋಟೆಯ ಟಿಕೆಟ್ ಇಲ್ಲಿ ನಡೆಯುವುದಿಲ್ಲ. ಕೋಟೆಯ ಹಾಗೆ ಇದು ಎಲ್ಲ ದಿನ ತೆರೆದಿರುವುದೂ ಇಲ್ಲ, ವಾರದ ರಜೆ, ಸರ್ಕಾರಿ ರಜೆ ಇರುತ್ತದೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಹೋಗುವ ದಾರಿಯಲ್ಲಿ ಸಂತೆ ಹೊಂಡ ಕಣ್ಣಿಗೆ ಬಿದ್ದರೆ ಬೆಟ್ಟದ ಮೇಲಿನ ಹೊಂಡಗಳನ್ನು ನೆನಪು ಮಾಡಿಕೊಳ್ಳಿ. ಅದೇ ನೀರಿನ ದಾರಿ ಇದು.

ಬಿಸಿಲು ಇಳಿದ ಮೇಲೆ ಚಂದ್ರವಳ್ಳಿ. ಊರಿಗೆ ಅಂಟಿಕೊಂಡ ಹಾಗೇ ಇದೆ, ಆಟೊದಲ್ಲಿ ಹೋಗಬಹುದು. ಗುಡ್ಡಗಳ ನಡುವೆ ಕೆರೆ, ದಂಡೆಯ ಮೇಲೆ ಭೈರವೇಶ್ವರ ಗುಡಿ. ಗುಡಿಯ ಹತ್ತಿರದ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಮೊದಲ ಕನ್ನಡ ರಾಜಮನೆತನದವನು ಕೆರೆ ಕಟ್ಟಿಸಿದ ಮಾತು ಅದರಲ್ಲಿದೆ. ಈ ಜಾಗದಲ್ಲಿ ಪುರಾತತ್ವ ತಜ್ಞ ಎಂ. ಎಚ್. ಕೃಷ್ಣ ಅಗೆತ ಮಾಡಿಸಿದರು, 1947ರಲ್ಲಿ ಬ್ರಿಟಿಷ್ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಬಂದು ಮತ್ತೆ ಅಗೆಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮ್‌ನ ನಾಣ್ಯಗಳೂ ಸಿಕ್ಕವು. ರೋಮ್ ಪಾಸ್ ಹಿಡಿದು ಅಲ್ಲೆಲ್ಲ ಸುತ್ತಿ ಬಂದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಆ ಊರಿನ ದುಡ್ಡು ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಇಲ್ಲಿಗೆ ಬಂದಿತ್ತು.

ಪಕ್ಕದಲ್ಲೇ ಅಂಕಲಿ ಮಠದ ಗುಹೆ. ನೆಲದ ಕೆಳಗೆ ಕೋಣೆಯಿಂದ ಕೋಣೆಗೆ ಇಳಿಯುವ ಕತ್ತಲೆಯ ದಾರಿ. ತಂದ ಟಾರ್ಚ್ ಈಗ ಹೊರಗೆ ತೆಗೆಯಿರಿ. ದಾರಿ ಗೊತ್ತಿರುವ ಸ್ಥಳೀಯರು ಜೊತೆಗಿಲ್ಲದೆ ಒಳಗೆ ಇಳಿಯಬೇಡಿ. ಕತ್ತಲಾಗುವ ಮುಂಚೆ ಚಂದ್ರವಳ್ಳಿ ಬಿಡಿ.

ಇನ್ನೊಂದು ದಿನ ಸಿಕ್ಕರೆ

ಜೋಗಿಮಟ್ಟಿ ಊರಿನಿಂದ ಸುಮಾರು 10 ಕಿಲೋಮೀಟರ್. ವನ್ಯಧಾಮ, ಆದ್ದರಿಂದ ಅರಣ್ಯ ಇಲಾಖೆಯ ನಿಯಮ, ಸಮಯ ಪಾಲಿಸಬೇಕು. ಬುಡದಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯ ಮಕ್ಕಳಿಗೆ ಇಷ್ಟವಾಗುತ್ತದೆ.

ಹಿರಿಯೂರಿನ ಕಡೆ ಹೋದರೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ 2022ರ ಸೆಪ್ಟೆಂಬರ್ ತನಕ ಮತ್ತೆ ಕೋಡಿ ಬೀಳಲಿಲ್ಲ. ಆ ವರ್ಷ ಜಿಲ್ಲೆಯ ಜನ ಜಾತ್ರೆಗೆ ಹೋದ ಹಾಗೆ ನೋಡಲು ಹೋದರು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಅಶೋಕನ ಶಾಸನ ನೋಡುವ ಆಸೆ ಇದ್ದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಇಡೀ ದಿನ ಬೇಕು, ಸ್ವಂತ ಗಾಡಿ ಇದ್ದರೆ ಒಳ್ಳೆಯದು. 1892ರಲ್ಲಿ ಶಾಸನ ತಜ್ಞ ಬಿ. ಎಲ್. ರೈಸ್ ಅಲ್ಲಿನ ಶಾಸನಗಳನ್ನು ಬೆಳಕಿಗೆ ತಂದರು.

ದಾವಣಗೆರೆಯಲ್ಲಿ ಉಳಿದುಕೊಂಡವರಿಗೆ ಬಸ್ಸಿನಲ್ಲಿ ಸುಲಭವಾದದ್ದು ಹರಿಹರ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿ ಅಲ್ಲಿದೆ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರು ಪುಷ್ಕರಣಿಗೂ ಬಸ್ಸಿದೆ. ನೀರಿನ ನಡುವಿನ ಆ ಮಂಟಪ ನೋಡಲು ಬೆಳಗಿನ ಬಿಸಿಲು ಚೆನ್ನ.

ನಿಜವಾದ ಪಾಸ್ ಬೇಕು ಅನ್ನುವವರಿಗೆ

ಒಂದೇ ಟಿಕೆಟ್‌ನಲ್ಲಿ ಬೇರೆ ಬೇರೆ ಜಾಗ ಅನ್ನುವ ವ್ಯವಸ್ಥೆ ನಮ್ಮ ಹತ್ತಿರ ಇರುವುದು ಹಂಪಿಯಲ್ಲಿ. ದುರ್ಗದಿಂದ ಹೊಸಪೇಟೆ ಕಡೆ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗಬಹುದು. ಅಲ್ಲಿ ಭಾರತೀಯರಿಗೆ 40 ರೂಪಾಯಿ, ಆನ್‌ಲೈನ್‌ನಲ್ಲಿ 35. ಆ ಒಂದು ಟಿಕೆಟ್ ವಿಜಯ ವಿಠಲ ದೇವಸ್ಥಾನ, ಕಮಲ ಮಹಲ್ ಇರುವ ರಾಣಿವಾಸದ ಆವರಣ, ಕಮಲಾಪುರದ ಮ್ಯೂಸಿಯಂ ಮೂರಕ್ಕೂ ಅದೇ ದಿನ ನಡೆಯುತ್ತದೆ. ಮೊದಲ ಗೇಟಿನಲ್ಲಿ ಕೊಟ್ಟ ಚೀಟಿ ಬಿಸಾಡಬೇಡಿ, ಮುಂದಿನ ಎರಡು ಕಡೆಯೂ ಕೇಳುತ್ತಾರೆ. ವಿಠಲ ಗುಡಿಗೆ ಪಾರ್ಕಿಂಗ್ ಜಾಗದಿಂದ ಹೋಗುವ ಬ್ಯಾಟರಿ ಗಾಡಿಗೆ ಬೇರೆ ದುಡ್ಡು. ಮ್ಯೂಸಿಯಂಗೆ ಶುಕ್ರವಾರ ರಜೆ, ಹಾಗಾಗಿ ಶುಕ್ರವಾರ ಹೋದರೆ ಮೂರರಲ್ಲಿ ಎರಡೇ ಸಿಗುವುದು.